ಮೂಲೆಯಿಲ್ಲದ ಮನೆಯಲ್ಲಿ ನಮ್ಮ ಭಾವ

ನಮ್ಮ ಮನೆಯ ಫ್ರಿಡ್ಜ್ ಈಗ ಹಾಲ್‌ನಲ್ಲಿದೆ, ಟಿವಿ ಪಕ್ಕ. ಬೆಳಿಗ್ಗೆ ಗ್ಯಾಸ್ ಮೇಲೆ ಡಿಕಾಕ್ಷನ್ ನೀರಿಟ್ಟು ಹಾಲಿಗಾಗಿ ಹಾಲ್‌ಗೆ ಓಡಬೇಕು. ಕಾರಣ ನಮ್ಮ ಭಾವ. ರಿಟೈರ್ ಆದ ಮೇಲೆ ಅವರಿಗೆ ವಾಸ್ತು ಹಿಡಿದಿದೆ. ಯಾರ ಮನೆಗೆ ಹೋದರೂ ಚಪ್ಪಲಿ ಬಿಡುವ ಮೊದಲು ಮೊಬೈಲ್‌ನಲ್ಲಿ ದಿಕ್ಸೂಚಿ ತೆರೆಯುತ್ತಾರೆ. ಗೃಹಪ್ರವೇಶದ ಊಟದಲ್ಲಿ, ಬಾಯಲ್ಲಿ ಹೋಳಿಗೆ ಇರುವಾಗಲೇ, "ಬಚ್ಚಲು ಈಶಾನ್ಯಕ್ಕೆ ಬಂತಲ್ಲಾ ಸ್ವಾಮಿ" ಅಂದವರು.

ಇಂಥವರ ಜೊತೆ ಚೀನಾಕ್ಕೆ ಹೋಗಿ ಬಂದೆ. ಅಕ್ಕನ ಮಗಳು ಶಿಯಾಮೆನ್‌ನಲ್ಲಿ ಓದುತ್ತಿದ್ದಾಳೆ. ರಜೆ ಸಿಕ್ಕಿದ್ದೇ ನಮ್ಮನ್ನೆಲ್ಲ ಫುಜಿಯನ್ ಪ್ರಾಂತ್ಯದ ಗುಡ್ಡಗಳ ನಡುವೆ ತುಲೌ ತೋರಿಸಲು ಕರೆದೊಯ್ದಳು. ತುಲೌ ಅಂದರೆ ಮಣ್ಣು ಕುಟ್ಟಿ ಎಬ್ಬಿಸಿದ ಕೋಟೆಯಂಥ ಮನೆ. ಒಂದು ವಂಶದವರೆಲ್ಲ ಒಂದೇ ಸೂರಿನಡಿ ಇರಲು ಕಟ್ಟಿಕೊಂಡದ್ದು. ಹಲವು ಹಕ್ಕಾ ಜನರವು. (ನಾವು ನೂಡಲ್ಸ್‌ಗೆ ಸೇರಿಸಿಕೊಂಡಿದ್ದೇವಲ್ಲ, ಅದೇ ಹಕ್ಕಾ.) ಇಂಥ 46 ಮನೆಗಳು 2008ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ.

ನಾವು ಹೋದದ್ದು ಯೊಂಗ್‌ಡಿಂಗ್ ಕಡೆಯ ಚೆಂಗ್‌ಚಿ ಲೌಗೆ. ಜಿಯಾಂಗ್ ಮನೆತನದವರು 1709ರಲ್ಲಿ ಕಟ್ಟಿ ಮುಗಿಸಿದ್ದು. ಹೊರಗಿನ ಸುತ್ತು ನಾಲ್ಕು ಮಹಡಿ. ಅದರೊಳಗೆ ಇನ್ನೊಂದು ಸುತ್ತು, ಅದರೊಳಗೆ ಮತ್ತೊಂದು, ನಟ್ಟನಡುವೆ ಹಿರಿಯರನ್ನು ಪೂಜಿಸುವ ಹಜಾರ. ಮೇಲಿನಿಂದ ತೆಗೆದ ಫೋಟೋ ನೋಡಿದರೆ ಥೇಟ್ ಚಕ್ಕುಲಿ. ಹೆಬ್ಬಾಗಿಲಲ್ಲಿ ನಾನು ಬಾಯಿ ತೆರೆದು ನಿಂತೆ. ಭಾವ ಮೊಬೈಲ್ ತೆರೆದು ನಿಂತರು.

"ಈಶಾನ್ಯ ಮೂಲೆ ಎಲ್ಲಿ?"

ಮೂಲೆ ಇದ್ದರೆ ತಾನೇ! ಮನೆ ದುಂಡಗಿದೆ. ಭಾವ ಒಪ್ಪಲಿಲ್ಲ. ಮೂಲೆ ಇಲ್ಲದ ಮನೆ ಇರುವುದುಂಟಾ ಅಂತ ಹುಡುಕಲು ಹೊರಟರು. ಅಂಗಡಿ ಇಟ್ಟವರನ್ನು, ಸೆಲ್ಫಿ ಕೋಲಿನವರನ್ನು ದಾಟಿ ಒಂದು ಸುತ್ತು ಹಾಕಿ ಹೆಬ್ಬಾಗಿಲಿಗೇ ವಾಪಸ್ ಬಂದರು. ಆಮೇಲೆ ತಿರುಗಾ ಎಡದಿಂದ ಬಲಕ್ಕೆ. "ರೀ, ಸುಮ್ನೆ ಬನ್ನಿ" ಅಂತ ಅಕ್ಕ ಕರೆದದ್ದು ಕೇಳಿಸಲೇ ಇಲ್ಲ. ಆಗ್ನೇಯಕ್ಕೆ ಹೋಗಿ ನೋಡಿದರೆ ಅಡುಗೆಮನೆ ಸಿಕ್ಕಿತು. "ನೋಡಿದ್ರಾ! ಅವರಿಗೂ ಗೊತ್ತಿದೆ" ಅಂದರು. ಪಕ್ಕದ ಬಾಗಿಲು ಇಣುಕಿದರೆ ಅದೂ ಅಡುಗೆಮನೆ. ಅದರ ಪಕ್ಕದ್ದೂ. ನೈಋತ್ಯ, ವಾಯುವ್ಯ, ಎಲ್ಲಿ ಹೋದರೂ ಅಡುಗೆಮನೆಯೇ. ನೆಲಮಹಡಿ ಅಡುಗೆಗೆ, ಅದರ ಮೇಲಿನದು ದವಸಕ್ಕೆ, ಇನ್ನೂ ಮೇಲಿನವು ಮಲಗಲಿಕ್ಕೆ ಅಂತ ಇಲ್ಲಿನ ಪದ್ಧತಿ. ದರೋಡೆಕೋರರ ಭಯಕ್ಕೆ ಕೆಳಗಿನ ಎರಡು ಮಹಡಿಗೆ ಹೊರಗಡೆ ಕಿಟಕಿಯನ್ನೂ ಇಟ್ಟಿಲ್ಲ. ಭಾವನ ಭಯ ಅವರಿಗಿರಲಿಲ್ಲ, ಪಾಪ.

ಕೊನೆಗೆ ಟೀ ಮಾರುತ್ತಿದ್ದ ಅಜ್ಜಿಯೊಬ್ಬರು ಕೈಗೆ ಸಿಕ್ಕರು. ಭಾವ ಸ್ಟೂಲ್ ಎಳೆದುಕೊಂಡು ಕುಳಿತು ಮಗಳ ಕಡೆ ತಿರುಗಿದರು. "ಹೇಳಮ್ಮಾ ಇವರಿಗೆ. ನೈಋತ್ಯದಲ್ಲಿ ಒಲೆ ಇದ್ದರೆ ಯಜಮಾನರ ಆರೋಗ್ಯಕ್ಕೆ ಒಳ್ಳೆಯದಲ್ಲ."

ಹುಡುಗಿ ನನ್ನ ಮುಖ ನೋಡಿದಳು. ಆಮೇಲೆ ಚೀನೀ ಭಾಷೆಯಲ್ಲಿ ಏನೋ ಹೇಳಿದಳು. ಅಜ್ಜಿ ಖುಷಿಯಿಂದ ತಲೆಯಾಡಿಸಿ ಭಾವನ ಬಟ್ಟಲಿಗೆ ಟೀ ಸುರಿದರು. "ಒಪ್ಕೊಂಡ್ರು" ಅಂದ ಭಾವ ನೀರಿನ ಸಂಪಿನ ವಿಷಯಕ್ಕೆ ಬಂದರು. ಮತ್ತೆ ಅನುವಾದ, ಮತ್ತೆ ನಗು, ಮತ್ತೆ ಟೀ. ಹೆಬ್ಬೆರಳಿನಷ್ಟು ಬಟ್ಟಲು, ಹಾಲಿಲ್ಲ, ಸಕ್ಕರೆ ಇಲ್ಲ. ಭಾವ ಮುಖ ಕಿವುಚದೆ ಕುಡಿಯುತ್ತಲೇ ಹೋದರು. "ನೀನು ಏನು ಹೇಳ್ತಿದ್ದೀಯೇ?" ಅಂತ ನಾನು ಮೆಲ್ಲಗೆ ಕೇಳಿದೆ. "ಅಪ್ಪನಿಗೆ ಟೀ ತುಂಬಾ ಇಷ್ಟ ಆಯ್ತಂತೆ, ಇನ್ನೂ ಬೇಕಂತೆ ಅಂತ. ಬೇರೆ ಏನು ಹೇಳ್ಲಿ ಚಿಕ್ಕಮ್ಮಾ?"

ಅಜ್ಜಿಯೂ ಏನೋ ಹೇಳಿದರು. ಅದನ್ನು ಮಾತ್ರ ಹುಡುಗಿ ಸರಿಯಾಗಿ ತಿಳಿಸಿದಳು. ಇಲ್ಲಿ ಪಾಲು ಅಂದರೆ ಕೆಳಗಿನಿಂದ ಮೇಲಿನವರೆಗೆ ಒಂದು ಕಂಬಸಾಲು. ಒಂದು ಒಲೆ, ಅದರ ಮೇಲೆ ಕಣಜ, ಅದರ ಮೇಲೆ ಮಲಗುವ ಕೋಣೆಗಳು. ಕೋಣೆಗಳೆಲ್ಲ ಒಂದೇ ಅಳತೆ. ದೊಡ್ಡಣ್ಣನಿಗೆ ದೊಡ್ಡ ಕೋಣೆ ಅನ್ನುವುದೇ ಇಲ್ಲ.

ಭಾವ ಮೊಬೈಲ್ ಜೇಬಿಗೆ ಹಾಕಿದರು. ಅವರ ಊರಿನ ತೊಟ್ಟಿಮನೆ ಅಣ್ಣತಮ್ಮಂದಿರಲ್ಲಿ ಪಾಲಾಗಿ, ಈಗ ಅಂಗಳದ ನಡುವೆ ಇಟ್ಟಿಗೆ ಗೋಡೆ ಇದೆ. ಮಳೆನೀರು ಯಾರ ಕಡೆ ಹರಿಯಬೇಕು ಅಂತ ಕೋರ್ಟಿನಲ್ಲಿ ಇನ್ನೂ ಕೇಸು ನಡೆಯುತ್ತಿದೆ. ಎಷ್ಟೋ ಹೊತ್ತು ಅವರು ಮಾತಾಡಲಿಲ್ಲ. ಅಷ್ಟು ಸಮ ಪಾಲು ಮಾಡಿದ ಮನೆಯಲ್ಲೂ ಮೇಲಿನ ಬಾಗಿಲುಗಳಿಗೆ ಬೀಗವೇ ಜಾಸ್ತಿ. ಅಜ್ಜಿಯ ಮಗ ಕೂಡ ಶಿಯಾಮೆನ್‌ನಲ್ಲಿ, ಫ್ಲಾಟ್‌ನಲ್ಲಿದ್ದಾನಂತೆ.

"ಆ ಫ್ಲಾಟ್ ಯಾವ ದಿಕ್ಕಿಗಿದೆಯಂತೆ?" ಅಂದರು ಭಾವ.

ಟೀ ಪುಡಿಯ ಬಿಲ್ ನೋಡಿ ಅಕ್ಕ ಕಾರಿನಲ್ಲಿ ಆಡಿದ ಮಾತು ಇಲ್ಲಿ ಬೇಡ. ನಿನ್ನೆ ಭಾವ ಫೋನ್ ಮಾಡಿದ್ದರು, ನಮ್ಮ ಮೇಸ್ತ್ರಿಯ ನಂಬರ್ ಬೇಕಂತೆ. ಮೂಲೆಗಳೇ ಇಲ್ಲದಿದ್ದರೆ ದೋಷವೂ ಇಲ್ಲ ಅಂತ ಅವರಿಗೆ ಹೊಳೆದಿದೆ. 30-40 ಸೈಟ್‌ನಲ್ಲಿ ದುಂಡಗಿನ ಮನೆ ಏಳುತ್ತಾ ಅಂತ ಕೇಳಬೇಕಂತೆ.