ನಾಯಿ ಕಚ್ಚಿದ ಹೇಂಟೆಯನ್ನು ಸಾರಿಗೆ ಹಾಕುವ ಮುನ್ನ

ಹಿತ್ತಲ ಹೇಂಟೆಯನ್ನು ನಾಯಿಯೋ ಮುಂಗುಸಿಯೋ ಹಿಡಿದು ಬೆನ್ನಿನ ಚರ್ಮ ಅಂಗೈಯಗಲ ಕಿತ್ತುಬಂದರೆ, "ಇನ್ನಿದು ಉಳಿಯಲ್ಲ, ಕುಯ್ದುಬಿಡಿ" ಎನ್ನುವವರೇ ಹೆಚ್ಚು. ಬಹಳ ಸಲ ಅದು ಅವಸರದ ಮಾತು. ಕೆಳಗಿನ ಮಾಂಸ ಗಟ್ಟಿಯಾಗಿದ್ದರೆ ಅಂಥ ಗಾಯ ಹೊಲಿಗೆಯಿಲ್ಲದೆಯೂ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ಕೋಳಿಯನ್ನು ಹೆಚ್ಚಾಗಿ ಕೊಲ್ಲುವುದು ಮೊದಲ ಗಂಟೆಯ ಆಘಾತ, ಪುಕ್ಕದಡಿ ಕಣ್ತಪ್ಪಿದ ಹಲ್ಲಿನ ತೂತು, ಆಮೇಲೆ ನೊಣ.

ರಕ್ತ ಸುರಿಯುತ್ತಿದ್ದರೆ ಶುದ್ಧ ಬಟ್ಟೆ ಮಡಚಿ ಐದು ನಿಮಿಷ ಒತ್ತಿ ಹಿಡಿಯಿರಿ, ನಡುವೆ ತೆಗೆದು ನೋಡಬೇಡಿ. ಒಂದೂವರೆ ಕೆಜಿ ಹೇಂಟೆಯ ಮೈಯಲ್ಲಿ ಇರುವುದೇ ಸುಮಾರು 100 ಎಂಎಲ್ ರಕ್ತ. ರಕ್ತ ನಿಂತ ಮೇಲೆ ರಟ್ಟಿನ ಪೆಟ್ಟಿಗೆಗೆ ಹಳೆ ಪಂಚೆ ಹಾಸಿ, ಕತ್ತಲೆ, ಬೆಚ್ಚಗಿನ ಜಾಗದಲ್ಲಿ ಅರ್ಧ ಗಂಟೆ ಬಿಡಿ. ಕೊಕ್ಕು ಬಿಡಿಸಿ ನೀರು ಹೊಯ್ಯಲೇಬೇಡಿ. ಉಸಿರಿನ ದ್ವಾರ ನಾಲಿಗೆಯ ಹಿಂದೆಯೇ ಇದೆ. ನಿತ್ರಾಣವಾದ ಕೋಳಿಗೆ ಆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆ.

ಆಮೇಲೆ ಕೈಗವಸು ಹಾಕಿ, ಒಬ್ಬರು ಹಿಡಿದು ಇನ್ನೊಬ್ಬರು ನೋಡಬೇಕು. ರೆಕ್ಕೆಯಡಿ, ತೊಡೆ, ಬಾಲದ ಬುಡ ಬಿಡಬೇಡಿ. ಪುಕ್ಕ ಕಿತ್ತರೆ ಚರ್ಮವೂ ಹರಿಯುತ್ತದೆ, ಕತ್ತರಿಯಿಂದ ಕತ್ತರಿಸಿ. ಕಾಣುವುದು ಮೆಣಸಿನಕಾಳಿನಷ್ಟು ತೂತಾದರೂ ಒಳಗೆ ಮಾಂಸ ನಜ್ಜುಗುಜ್ಜಾಗಿರಬಹುದು.

ತೊಳೆಯುವುದೇ ಅರ್ಧ ಚಿಕಿತ್ಸೆ. ಮೆಡಿಕಲ್ ಶಾಪಿನ ನಾರ್ಮಲ್ ಸಲೈನ್, ಇಲ್ಲವೇ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ ಉಪ್ಪು. ಉಗುರುಬೆಚ್ಚಗಿರಲಿ. 20 ಎಂಎಲ್ ಸಿರಿಂಜಿನಿಂದ ಕೊಳೆ, ಪುಕ್ಕದ ಚೂರು ಹೋಗುವವರೆಗೆ ಹಾಯಿಸಿ. ಗಾಯದಲ್ಲಿ ಗುಳ್ಳೆ ಏಳುತ್ತಿದ್ದರೆ, ಸುತ್ತಲ ಚರ್ಮ ಉಬ್ಬಿ ಒತ್ತಿದಾಗ ಚರಚರ ಎಂದರೆ ಮೈಯೊಳಗೆ ಉಸಿರಿನ ಗಾಳಿ ತುಂಬುವ ಗಾಳಿಚೀಲ ಹರಿದಿದೆ. ಅಲ್ಲಿಗೆ ನೀರು ಹಾಯಿಸಬಾರದು, ವೈದ್ಯರೇ ನೋಡಬೇಕು. ಕೊನೆಗೆ ನಂಜು ತಡೆಯುವ 10% ಪೊವಿಡೋನ್ ಅಯೋಡಿನ್ ದ್ರಾವಣ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ ಒರೆಸಿ. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಹೊಸದಾಗಿ ಬೆಳೆಯುವ ಮಾಂಸವನ್ನೂ ಸುಡುತ್ತವೆ.

ಅರಿಶಿನದ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ. ಗೀರುಗಾಯಕ್ಕೆ ಹಚ್ಚಿ, ಪರವಾಗಿಲ್ಲ. ಆಳದ ತೂತಿಗೆ ತುಂಬಬೇಡಿ. ಕೋಳಿಯ ಕೀವು ನಮ್ಮದರ ಹಾಗೆ ಹರಿಯುವುದಿಲ್ಲ, ಗಿಣ್ಣಿನಂತೆ ಗಟ್ಟಿಯಾಗುತ್ತದೆ. ಮೇಲೆ ಅರಿಶಿನದ ಹೊಪ್ಪಳೆ ಕಟ್ಟಿದರೆ ಒಳಗೆ ಅದು ಗಡ್ಡೆಯಾಗಿ ಕೂರುತ್ತದೆ. ಫೆವಿಕ್ವಿಕ್ ಹಾಕಿ ಮುಚ್ಚುವುದೂ ಇದೇ ತಪ್ಪು.

ನೊಣಕ್ಕೆ ಗಂಟೆಗಳೇ ಸಾಕು, ಒಂದು ದಿನದೊಳಗೆ ಹುಳ ಬೀಳುತ್ತದೆ. ಕೋಳಿಯನ್ನು ಸೊಳ್ಳೆಪರದೆಯೊಳಗೇ ಇಡಿ. ಬೆಳಿಗ್ಗೆ, ಸಂಜೆ ಗಾಯ ಬಿಚ್ಚಿ ನೋಡಿ. ಹುಳ ಕಂಡರೆ ಚಿಮುಟದಿಂದ ತೆಗೆದು ಸಲೈನಿನಲ್ಲಿ ತೊಳೆಯಿರಿ. ದನಕ್ಕೆ ಹಾಕುವಂತೆ ಫಿನೈಲ್, ಸೀಮೆಎಣ್ಣೆ, ನುಸಿಗುಳಿಗೆ ಪುಡಿ ಹಾಕಿದರೆ ಹುಳದ ಜೊತೆ ಕೋಳಿಯೂ ಸಾಯಬಹುದು.

ಹಲ್ಲು ಒಳಗಿಳಿದಿದ್ದರೆ ಆ್ಯಂಟಿಬಯೋಟಿಕ್ ಬೇಕೇಬೇಕು. ಬೆಕ್ಕು ಕಚ್ಚಿದ್ದರಂತೂ ಅದೇ ದಿನ. ಅದರ ಬಾಯಿಯ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ ಹಕ್ಕಿಗಳನ್ನು ಬೇಗ ಕೊಲ್ಲುತ್ತದೆ. ಪಶು ಆಸ್ಪತ್ರೆಯಲ್ಲಿ ಕೋಳಿಯನ್ನು ತೂಗಿಸಿಯೇ ಔಷಧ ಕೇಳಿ. ಎಷ್ಟು ದಿನ ಮೊಟ್ಟೆ, ಮಾಂಸ ತಿನ್ನಬಾರದೆಂದೂ ಕೇಳಿಕೊಳ್ಳಿ. ನೋವಿಗೆ ಮನೆಯ ಡೈಕ್ಲೋಫೆನಾಕ್ ಮಾತ್ರೆ ಬೇಡ. ಮೂತ್ರಪಿಂಡ ಕೆಡಿಸಿ ರಣಹದ್ದುಗಳ ಸಂತತಿಯನ್ನೇ ಅಳಿವಿನಂಚಿಗೆ ತಂದದ್ದು ಅದೇ.

ಚೇತರಿಸಿಕೊಂಡು ತಾನಾಗಿ ಕುಡಿಯತೊಡಗಿದರೆ ಓಆರ್‌ಎಸ್ ನೀರು, ಬೇಯಿಸಿದ ಮೊಟ್ಟೆ, ನೆನೆಸಿದ ಮೇವು ಇಡಿ. ಕರುಳು ಹರಿದು ಹೊರಬಂದಿದ್ದರೆ, ಬೆನ್ನುಮೂಳೆ ಮುರಿದು ಎರಡೂ ಕಾಲು ಜೋತುಬಿದ್ದಿದ್ದರೆ ಮಾತ್ರ ನರಳಿಸದೆ ಮುಗಿಸುವುದು ಸರಿ. ಬದುಕುಳಿದದ್ದನ್ನು ಗಾಯ ಪೂರ್ತಿ ಮುಚ್ಚಿ ಒಣಗುವವರೆಗೆ ಹಿಂಡಿಗೆ ಬಿಡಬೇಡಿ. ಕೆಂಪು ಕಂಡರೆ ಜೊತೆಯ ಕೋಳಿಗಳೇ ಕುಕ್ಕಿ ಕೊಲ್ಲುತ್ತವೆ. ಕೊನೆಯ ವಾರ ಜಾಲರಿಯ ಆಚೆಗಿಟ್ಟು, ಒಂದನ್ನೊಂದು ನೋಡಿ ಅಭ್ಯಾಸವಾದ ಮೇಲೆ ಸಂಜೆ ಗೂಡಿಗೆ ಸೇರಿಸಿ.