ಬಿಡುವ ಮನೆ, ಹಿಡಿಯುವ ಮನೆ

ಬೆಂಗಳೂರಿನ ಬಡಾವಣೆಗಳಲ್ಲಿ ಮನೆ ಹುಡುಕುತ್ತ ಅಲೆದವರಿಗೆಲ್ಲ ಗೇಟಿನ ಕಂಬಿಗೆ ತಂತಿಯಿಂದ ಬಿಗಿದ ಆ ತಗಡಿನ ಫಲಕ ಪರಿಚಿತವೇ. ಅದರ ಮೇಲೆ ‘ಮನೆ ಬಾಡಿಗೆಗಿದೆ’ ಎಂದು ಕನ್ನಡದಲ್ಲಿಯೇ ಬರೆದಿದ್ದರೂ ಮಾತಿನಲ್ಲಿ ಮಾತ್ರ ಅದು ‘ಟು-ಲೆಟ್ ಬೋರ್ಡ್’. ‘ಮೂಲೆಮನೆಯವರು ಟು-ಲೆಟ್ ಹಾಕಿದ್ದಾರೆ’ ಎನ್ನುವಾಗ ಇಂಗ್ಲಿಷಿನ ಕ್ರಿಯಾಪದವೊಂದು ನಮ್ಮಲ್ಲಿ ನಾಮಪದವಾಗಿ ಗೇಟಿಗೆ ಜೋತುಬಿದ್ದಿರುತ್ತದೆ. (ಆ ಎರಡು ಪದಗಳ ನಡುವೆ ಒಂದಕ್ಷರ ಸೇರಿಸಿ ಮನೆಯನ್ನು ಶೌಚಾಲಯವಾಗಿಸುವ ಪಡ್ಡೆಹುಡುಗರ ಚೇಷ್ಟೆ ಹಳೆಯದಾಯಿತು.)

‘ಲೆಟ್’ ಎಂದರೆ ಮೂಲತಃ ಬಿಡುವುದು: ಒಳಗೆ ಬಿಡು, ಹೋಗಲು ಬಿಡು. ಹಣ ಪಡೆದು ಮನೆಯನ್ನು ಇನ್ನೊಬ್ಬರ ವಾಸಕ್ಕೆ ಬಿಡುವುದೂ ಅದರಲ್ಲಿಯೇ ಸೇರಿಕೊಂಡಿತು. ಇದರಲ್ಲಿ ನಮಗೆ ಹೊಸದೇನೂ ಇಲ್ಲ. ನಾವೂ ಮನೆಯನ್ನು ಬಾಡಿಗೆಗೆ ಬಿಡುತ್ತೇವೆ, ಗದ್ದೆಯನ್ನು ಗೇಣಿಗೆ ಬಿಡುತ್ತಿದ್ದೆವು. ಆದರೆ ಆ ‘ಬಾಡಿಗೆಗೆ’ ಎಂಬ ಒಂದು ಪದವನ್ನು ಕಿತ್ತರೆ ಸಾಕು, ಮಾತು ಮಾಲೀಕರ ಬಾಯಿಂದ ಬಾಡಿಗೆದಾರರ ಬಾಯಿಗೆ ದಾಟುತ್ತದೆ: ‘ಮನೆ ಬಿಟ್ಟೆವು’ ಎಂದರೆ ಸಾಮಾನು ಲಾರಿಗೇರಿತು ಎಂದೇ ಅರ್ಥ. ಮಾಲೀಕರು ಬಿಟ್ಟದ್ದನ್ನು ಬಾಡಿಗೆದಾರರು ಹಿಡಿಯುತ್ತಾರೆ. ‘ಬಸವನಗುಡಿಯಲ್ಲಿ ಮನೆ ಹಿಡಿದಿದ್ದೇವೆ’ ಎಂಬ ಮಾತಿನಲ್ಲಿ ಓಡಿಹೋಗುವುದನ್ನು ಹಿಡಿದಷ್ಟೇ ಸಮಾಧಾನವಿರುತ್ತದೆ.

ಇಂಗ್ಲಿಷಿನ ‘ರೆಂಟ್’ಗೆ ಈ ವಿವೇಚನೆ ಸಾಲದು. ಕೊಡುವವರೂ ‘ರೆಂಟ್’ ಮಾಡುತ್ತಾರೆ, ಪಡೆಯುವವರೂ ‘ರೆಂಟ್’ ಮಾಡುತ್ತಾರೆ. ತಿಂಗಳ ಮೊದಲ ವಾರ ಹಣ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂಬುದನ್ನು ಸಂದರ್ಭವೇ ಹೇಳಬೇಕು. ಇನ್ನು ‘ಲೀಸ್’ ಎಂಬುದನ್ನು ನಾವೇ ಬದಲಿಸಿಕೊಂಡೆವು. ಕಾನೂನಿನಲ್ಲಿ ಅದು ಯಾವ ಗುತ್ತಿಗೆಗೂ ಸಲ್ಲುವ ಮಾತಾದರೂ ಬೆಂಗಳೂರಿನಲ್ಲಿ ‘ಲೀಸಿಗೆ ಮನೆ’ ಎಂದರೆ ಭೋಗ್ಯ: ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ವಾಸವಿದ್ದು, ಬಿಡುವಾಗ ಅಷ್ಟನ್ನೂ ಮರಳಿ ಪಡೆಯುವ ಏರ್ಪಾಡು. ಬಾಡಿಗೆಯ ಕರಾರು ಹನ್ನೊಂದೇ ತಿಂಗಳಿಗೆ ನಿಲ್ಲುವುದಕ್ಕೂ ಕಾರಣವಿದೆ. 1908ರ ನೋಂದಣಿ ಕಾಯ್ದೆಯಂತೆ ಒಂದು ವರ್ಷ ಮೀರಿದ ಗುತ್ತಿಗೆಗೆ ನೋಂದಣಿ ಕಡ್ಡಾಯ, ಮತ್ತು ಆ ಖರ್ಚು ಯಾರಿಗೂ ಬೇಡ.

ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಇನ್ನೊಂದು ‘ಲೆಟ್’. ಕಾಗುಣಿತ ಅದೇ, ಹುಟ್ಟು ಬೇರೆ, ಅರ್ಥ ತಡೆಯುವುದು. ತಡವೆಂಬರ್ಥದ ‘ಲೇಟ್’ ಅದರ ನೆಂಟ. ನಮ್ಮಲ್ಲಿ ತಡಕ್ಕೂ ತಡೆಗೂ ಇರುವ ನೆಂಟಸ್ತಿಕೆಯೇ ಅಲ್ಲಿಯೂ ಇದೆ. ಈಗ ಬಳಕೆಯಲ್ಲಿ ಅದು ಬಹುಮಟ್ಟಿಗೆ ಸತ್ತಿದ್ದರೂ ಟೆನಿಸ್ ಸರ್ವಿಸಿನ ಚೆಂಡು ಬಲೆಗೆ ತಾಗಿ ಸರಿಯಾದ ಅಂಕಣದಲ್ಲಿ ಬಿದ್ದಾಗ ಕೇಳಿಸುತ್ತದೆ. ನಮ್ಮ ಪಾಸ್‌ಪೋರ್ಟಿನಲ್ಲಿಯೂ ಅದನ್ನು ಹೊಂದಿರುವವರನ್ನು ಯಾವ ‘ಲೆಟ್’ ಇಲ್ಲದೆ ಹೋಗಗೊಡಬೇಕೆಂದು ರಾಷ್ಟ್ರಪತಿಗಳ ಹೆಸರಿನಲ್ಲಿ ಕೋರಲಾಗಿದೆ.

ಗೇಟಿನ ಫಲಕದಲ್ಲಿರುವುದು ಬಿಡುವ ‘ಲೆಟ್’ ಎಂದು ವ್ಯಾಕರಣ ಹೇಳುತ್ತದೆ. ನಾನು ಮೊದಲು ಹಿಡಿದ ಮನೆಯ ಮಾಲೀಕರಾದ ಹಿರಿಯರೊಬ್ಬರು ಬೀಗದ ಕೈ ಕೊಡುತ್ತ, “ನಿಮ್ಮ ಸ್ವಂತ ಮನೆ ಅಂತಲೇ ತಿಳ್ಕೊಳ್ಳಿ” ಎಂದು ತುಂಬುಮನಸ್ಸಿನಿಂದ ಹೇಳಿದರು. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಅವರೇ ಹಿಂದಿನಿಂದ ಕೂಗಿದರು: “ಗೋಡೆಗೆ ಮೊಳೆ ಹೊಡೀಬೇಡಿ. ನೆಂಟರು ಬಂದರೆ ಮೊದಲೇ ತಿಳಿಸಿ. ರಾತ್ರಿ ಹತ್ತಕ್ಕೆ ಗೇಟಿಗೆ ಬೀಗ.”