ಮೂಗು ಕಟ್ಟಿದ್ರೆ ಕಾಯ್ಬಹುದು, ಕಣ್ಣು ಊದಿದ್ರೆ ಕಾಯ್ಬೇಡಿ

ಚಳಿಗಾಲ ಬಂತಂದ್ರೆ ಮನೆಗೊಬ್ರಾದ್ರೂ ಸೈನಸ್ ಅಂತ ಹಣೆ ಹಿಡ್ಕೊಂಡು ಕೂತಿರ್ತಾರೆ. ಅಮೃತಾಂಜನ್ ತಿಕ್ಕೋದು, ಮಲಗೋದು. ಅದರಲ್ಲೇನೂ ತಪ್ಪಿಲ್ಲ, ಹೆಚ್ಚಿನ ಸಲ ಅದು ವೈರಸ್ಸಿಂದ ಬಂದಿರೋದು, ವಾರ ಹತ್ತು ದಿನದಲ್ಲಿ ತಾನಾಗೇ ಇಳಿಯುತ್ತೆ, ಆಂಟಿಬಯೋಟಿಕ್ಕೂ ಬೇಕಾಗಲ್ಲ. ಸಿಂಬಳ ಹಸಿರಾಯ್ತು ಅಂತ ಮೆಡಿಕಲ್ ಶಾಪಿಗೆ ಓಡ್ತಾರಲ್ಲ, ಬಣ್ಣ ಒಂದನ್ನೇ ನೋಡಿ ಏನೂ ಹೇಳಕ್ಕಾಗಲ್ಲ. ಹತ್ತು ದಿನ ಆದ್ರೂ ಇಳೀಲಿಲ್ಲ, ಅಥವಾ ವಾಸಿ ಆಗ್ತಾ ಬಂದಿದ್ದು ಮತ್ತೆ ಜ್ವರದ ಜೊತೆ ಜಾಸ್ತಿ ಆಯ್ತು ಅಂದ್ರೆ ಡಾಕ್ಟರ್ ಹತ್ರ ಹೋಗಿ.

ನಂಗೆ ಸಂಕಟ ಆಗೋದು, ಸಿಂಬಳದ ಬಣ್ಣಕ್ಕೆ ಹೆದರೋ ನಾವು ಕಣ್ಣು ಊದಿದ್ರೆ ಹೆದರಲ್ವಲ್ಲ ಅಂತ.

ನಮ್ಮ ಪಕ್ಕದ ಮನೆ ಹುಡುಗನಿಗೆ ಹಾಗೇ ಆಯ್ತು. ನೆಗಡಿ ಜ್ವರ ಇತ್ತು, ಬೆಳಿಗ್ಗೆ ಏಳೋ ಹೊತ್ತಿಗೆ ಎಡಗಣ್ಣಿನ ರೆಪ್ಪೆ ಕೆಂಪಗೆ ಊದಿತ್ತು. ಸೊಳ್ಳೆ ಕಚ್ಚಿರ್ಬೇಕು ಅಂದ್ರು ಒಬ್ರು, ಕಣ್ಣು ಬಂದಿದೆ ಡ್ರಾಪ್ಸ್ ಹಾಕಿ ಅಂದ್ರು ಇನ್ನೊಬ್ರು. ಸಂಜೆ ಆಸ್ಪತ್ರೆಯಲ್ಲಿ ಡಾಕ್ಟ್ರು ಬೆರಳು ಆಡಿಸಿ, ತಲೆ ಅಲ್ಲಾಡಿಸ್ದೆ ಬರೀ ಕಣ್ಣಲ್ಲಿ ನೋಡು ಪುಟ್ಟ ಅಂದ್ರು, ಪಕ್ಕಕ್ಕೆ ತಿರುಗಿಸೋಷ್ಟರಲ್ಲಿ ನೋವು ಅಂತ ಕಿರುಚಿಬಿಟ್ಟ. ಆಮೇಲೆ ಯಾರೂ ತಡ ಮಾಡ್ಲಿಲ್ಲ, ರಾತ್ರೀನೇ ಸಿಟಿ ಸ್ಕ್ಯಾನ್, ರಕ್ತನಾಳಕ್ಕೇ ಆಂಟಿಬಯೋಟಿಕ್. ಕಣ್ಣು ಉಳೀತು.

ಸೈನಸ್ ಅಂದ್ರೆ ಮೂಗಿನ ಪಕ್ಕದ ಮೂಳೆಯೊಳಗಿರೋ ಗಾಳಿ ಗೂಡು, ಅದಕ್ಕೂ ಕಣ್ಣಿನ ಗೂಡಿಗೂ ಮಧ್ಯೆ ಇರೋ ಮೂಳೆ ಕಾಗದದಷ್ಟು ತೆಳು, ಕೀವು ದಾಟಕ್ಕೆ ಕಷ್ಟಾನೇ ಇಲ್ಲ, ಅದರಲ್ಲೂ ಮಕ್ಕಳಲ್ಲಿ ಇದು ಜಾಸ್ತಿ. ಅದಕ್ಕೇ ರೆಪ್ಪೆ ಊದಿದ್ರೆ, ಕಣ್ಣು ಮುಂದಕ್ಕೆ ಬಂದಂಗೆ ಕಂಡ್ರೆ, ಒಂದು ವಸ್ತು ಎರಡಾಗಿ ಕಂಡ್ರೆ, ಗೋಡೆ ಮೇಲಿನ ಕ್ಯಾಲೆಂಡರಿನ ಕೆಂಪು ತಾರೀಕು ಆ ಕಣ್ಣಿಗೆ ಮಾತ್ರ ಮಾಸಿದಂಗೆ ಕಂಡ್ರೆ ಅದೇ ಹೊತ್ತಲ್ಲಿ ಹೊರಡಿ, ಬೆಳಗಾಗ್ಲಿ ಅನ್ಬೇಡಿ. ಹಣೆ ಮೇಲೆ ಮೆತ್ತಗೆ ಗಡ್ಡೆ ತರ ಊದಿಕೊಂಡ್ರೂ ಅಷ್ಟೇ. ತಡೆಯಕ್ಕಾಗದ ತಲೆನೋವಿನ ಜೊತೆ ವಾಂತಿ, ಕತ್ತು ಬಗ್ಗಿಸಕ್ಕಾಗ್ದಿರೋದು, ಮಂಪರು, ತಡಬಡ ಮಾತು ಬಂದ್ರೆ ಸೋಂಕು ಮಿದುಳಿನ ಕಡೆ ಹೋಗಿರಬಹುದು.

ಇನ್ನು ಶುಗರ್ ಇರೋರ ವಿಷಯ. 2021ರಲ್ಲಿ ಕೋವಿಡ್ ಎರಡನೇ ಅಲೆ ಹೊತ್ತಲ್ಲಿ ಬ್ಲ್ಯಾಕ್ ಫಂಗಸ್ ಬಂದಾಗ ಆಂಫೊಟೆರಿಸಿನ್ ಇಂಜೆಕ್ಷನ್ನಿಗೆ ಬೆಂಗಳೂರಲ್ಲಿ ಜನ ಹೇಗೆ ಅಲೆದ್ರು ನೋಡಿದೀವಲ್ಲ. ಎಷ್ಟೋ ಜನರ ಕಣ್ಣೇ ತೆಗೀಬೇಕಾಯ್ತು. ಆ ಫಂಗಸ್ ಕೋವಿಡ್ ಜೊತೆ ಬಂದು ಹೋಗಿದ್ದಲ್ಲ, ಅದು ಮೊದಲೂ ಇತ್ತು, ಈಗ್ಲೂ ಇದೆ, ಶುಗರ್ ಹತೋಟಿ ತಪ್ಪಿದ ಮೈ, ಸ್ಟೀರಾಯ್ಡ್ ತಗೊಂಡ ಮೈ ಅಂದ್ರೆ ಅದಕ್ಕೆ ದಾರಿ ಸುಲಭ. ಮುಖದ ಒಂದೇ ಕಡೆ ನೋವು, ಕೆನ್ನೆ ಮರಗಟ್ಟೋದು, ಮೇಲಿನ ಹಲ್ಲು ಇದ್ದಕ್ಕಿದ್ದಂಗೆ ಅಲ್ಲಾಡೋದು, ರೆಪ್ಪೆ ಜೋತು ಬೀಳೋದು, ಮೂಗಲ್ಲಿ ಕಪ್ಪು ಹಕ್ಕಳೆ, ಇವೆಲ್ಲ ಅದರ ಲಕ್ಷಣ. ಮನೇಲಿ ಶುಗರ್ ಇರೋ ಅಪ್ಪ ಅಮ್ಮ ಸೈನಸ್ ನೋವು ಅಂದ್ರೆ ಬಾಯಿ ತೆಗೆಸಿ ಮೊಬೈಲ್ ಟಾರ್ಚ್ ಹಾಕಿ ಅಂಗುಳ ನೋಡಿ, ಕಪ್ಪಾಗಿದ್ರೆ ಒಂದು ಗಂಟೇನೂ ಕಾಯ್ಬೇಡಿ. ಕಪ್ಪು ಕಾಣ್ಲಿಲ್ಲ ಅಂತ ಸುಮ್ಮನಾಗ್ಬೇಡಿ, ಅದು ಕಾಣೋ ಹೊತ್ತಿಗೆ ಎಷ್ಟೋ ಸಲ ತಡ ಆಗಿರುತ್ತೆ. ದಯವಿಟ್ಟು ಅವರಿಗೆ ಚೀಟಿ ಇಲ್ದೆ ಮೆಡಿಕಲ್ ಶಾಪಿಂದ ಸ್ಟೀರಾಯ್ಡ್ ಮಾತ್ರೆ ತಂದು ಕೊಡ್ಬೇಡಿ.

ಹೋಗೋವಾಗ ಇಎನ್‌ಟಿ, ಕಣ್ಣಿನ ಡಾಕ್ಟ್ರು ಇಬ್ರೂ ಇರೋ, ರಾತ್ರಿ ಸ್ಕ್ಯಾನ್ ಮಾಡೋ ಆಸ್ಪತ್ರೆಗೇ ಹೋಗಿ. ಶುಗರ್ ರಿಪೋರ್ಟು, ಈಗಾಗ್ಲೇ ನುಂಗಿರೋ ಮಾತ್ರೆಗಳ ಖಾಲಿ ಸ್ಟ್ರಿಪ್ಪು ಎಲ್ಲ ಕವರಲ್ಲಿ ಹಾಕ್ಕೊಂಡು ಹೋಗಿ, ಡಾಕ್ಟ್ರು ಮೊದಲು ಅದನ್ನೇ ಕೇಳ್ತಾರೆ.